ಆನೆಯ ಬೆಲೆ, ಮೇವಿನ ಬೆಲೆ

ಆನೆ ಕೊಳ್ಳುವವನು ಮೊದಲು ಮೇವಿನ ಲೆಕ್ಕ ಹಾಕಬೇಕೆಂಬುದನ್ನು ತೆಪ್ಪಕಾಡಿನ ಆನೆ ಶಿಬಿರದ ಮುಂದೆ ಓಡಾಡುವ ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಸೆಕೆಂಡ್‌ಹ್ಯಾಂಡ್ ಐಷಾರಾಮಿ ವಾಹನ ಕಣ್ಣೆದುರು ನಿಂತಾಗ ಈ ವಿವೇಕ ಸ್ವಲ್ಪ ಹಿಂದೆ ಸರಿಯುತ್ತದೆ. ಹೊಸದಾಗಿ 70 ಲಕ್ಷ ರೂಪಾಯಿ ಬೆಲೆಯಿದ್ದ ಎಸ್‌ಯುವಿ ಎಂಟು ವರ್ಷಗಳ ತರುವಾಯ 18 ಲಕ್ಷಕ್ಕೆ ದೊರೆಯುವುದಾದರೆ ಯಾರ ಮನಸ್ಸು ತಾನೆ ಚಂಚಲವಾಗದು? ಇಳಿದಿರುವುದು ವಾಹನದ ಬೆಲೆ ಮಾತ್ರ. ಅದರ ಬಿಡಿಭಾಗಗಳ ಬೆಲೆ ಇಳಿದಿರುವುದಿಲ್ಲ.

ಗೂಡಲೂರಿನಲ್ಲಿರುವ ನಾವು ಅಣ್ಣತಮ್ಮಂದಿರು ಇಂಥ ವಾಹನವನ್ನು ಬಯಸಿದ್ದು ಬರಿಯ ಅಂತಸ್ತಿಗಾಗಿ ಅಲ್ಲ. ಬೆನ್ನಿನ ಶಸ್ತ್ರಚಿಕಿತ್ಸೆಯಾಗಿದ್ದ ತಂದೆಯವರನ್ನು ತಿಂಗಳಿಗೊಮ್ಮೆ ಮೈಸೂರಿಗೆ ಕರೆದೊಯ್ಯಬೇಕಿತ್ತು. ಹಳೆಯ ಜೀಪಿನ ಕುಲುಕಾಟವನ್ನು ಅವರು ಹಲ್ಲುಕಚ್ಚಿ ಸಹಿಸುತ್ತಿದ್ದರು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. ಮರಳುವಾಗ ವಾಹನ ಕೆಟ್ಟಿತೆಂದರೆ ರೋಗಿಯೊಡನೆ ಗಡಿಯಾಚೆಯೇ ರಾತ್ರಿ ಕಳೆಯಬೇಕು. ಆದ್ದರಿಂದ ನಮಗೆ ಮೆತ್ತನೆಯ ಆಸನದಷ್ಟೇ ನಂಬಿಕೆಯೂ ಬೇಕಿತ್ತು.

ಬೆಂಗಳೂರಿನಲ್ಲಿ ವಾಹನ ನೋಡಲು ಹೋದಾಗ ನಂಬಿಕಸ್ಥ ಮೆಕ್ಯಾನಿಕರೊಬ್ಬರನ್ನು ಜೊತೆಗೆ ಕರೆದೊಯ್ದೆವು. ಅವರು ಹೊರಮೈಯ ಹೊಳಪನ್ನು ಕಣ್ಣೆತ್ತಿಯೂ ನೋಡಲಿಲ್ಲ. ತಣ್ಣಗಿದ್ದ ಎಂಜಿನ್ನನ್ನು ಚಾಲೂ ಮಾಡಿಸಿ ಹೊಗೆ ನೋಡಿದರು. ಅಡಿಯಲ್ಲಿ ಎಣ್ಣೆಯ ಸೋರಿಕೆ ಹುಡುಕಿದರು. ಸರ್ವೀಸ್ ದಾಖಲೆಗಳನ್ನು ಓಡಿದ ಕಿಲೋಮೀಟರುಗಳೊಡನೆ ತಾಳೆ ಹಾಕಿದರು. ಕೊನೆಗೆ, "ಏರ್ ಸಸ್ಪೆನ್ಷನ್ ಈಗ ಸರಿಯಾಗಿದೆ. ಈ ವಯಸ್ಸಿನಲ್ಲಿ ಯಾವಾಗ ಬೇಕಾದರೂ ಕೈಕೊಡಬಹುದು. ಅದಕ್ಕೆ ಹಣ ತೆಗೆದಿಟ್ಟುಕೊಂಡೇ ಕೊಳ್ಳಿ" ಎಂದರು.

ಮನೆಗೆ ಬಂದು ಲೆಕ್ಕ ಹಾಕಿದೆವು. ಕರ್ನಾಟಕದ ನೋಂದಣಿಯಾದ್ದರಿಂದ ಅಲ್ಲಿನ ನಿರಾಕ್ಷೇಪಣಾ ಪತ್ರ ಬೇಕು; ತಮಿಳುನಾಡಿನಲ್ಲಿ ವಾಹನದ ವಯಸ್ಸಿಗೆ ತಕ್ಕ ತೆರಿಗೆ ಕಟ್ಟಬೇಕು. 1988ರ ಮೋಟಾರು ವಾಹನ ಕಾಯಿದೆಯಂತೆ, ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿರಿಸಿದರೆ ಇಲ್ಲಿನ ನೋಂದಣಿ ಸಂಖ್ಯೆ ಪಡೆಯಲೇಬೇಕು. ಲೆಕ್ಕವನ್ನೆಲ್ಲ ಕೇಳಿದ ತಂದೆಯವರು, "ಇದು ನಮ್ಮನ್ನು ಹೊರುತ್ತದೆಯೋ, ನಾವು ಇದನ್ನು ಹೊರಬೇಕೋ?" ಎಂದರು. ನಾವು ಚೌಕಾಸಿ ಮಾಡಿ 16 ಲಕ್ಷಕ್ಕೆ ಕೊಂಡು, ಉಳಿದ ಎರಡು ಲಕ್ಷದ ಜೊತೆಗೆ ಇನ್ನೂ ಎರಡು ಲಕ್ಷ ಸೇರಿಸಿ ಬ್ಯಾಂಕಿನಲ್ಲಿ ಬೇರೆಯಾಗಿಯೇ ಇಟ್ಟೆವು.

ಎರಡನೆಯ ವರ್ಷ ಒಂದು ಮುಂಜಾನೆ ವಾಹನದ ಹಿಂಬದಿ ನೆಲದತ್ತ ಕುಸಿದು ಕುಳಿತಿತ್ತು. ದುರಸ್ತಿಗೆ ಕೊಯಮತ್ತೂರಿನವರೆಗೆ ಒಯ್ಯಬೇಕಾಯಿತು. ಬಿಲ್ಲು ಭಾರವಾಗಿಯೇ ಇತ್ತು. ಆದರೆ ತೆಗೆದಿಟ್ಟ ಹಣವಿದ್ದುದರಿಂದ ಮನೆಯ ಒಡವೆ ಒತ್ತೆಗೆ ಹೋಗಲಿಲ್ಲ.

ಮಲೆನಾಡಿನಲ್ಲಿ ಇನ್ನೊಂದು ಮಾತನ್ನೂ ನೆನಪಿಡಬೇಕು. ಉದಕಮಂಡಲದಿಂದ ಮಸಿನಗುಡಿಗೆ ಇಳಿಯುವ ಕಲ್ಹಟ್ಟಿ ಘಾಟಿಯಲ್ಲಿ 36 ಕಡಿದಾದ ತಿರುವುಗಳಿವೆ. 2018ರ ಭೀಕರ ಅಪಘಾತದ ಬಳಿಕ ಹೊರಗಿನ ವಾಹನಗಳು ಅಲ್ಲಿ ಇಳಿಯದಂತೆ ನಿರ್ಬಂಧ ಹೇರಲಾಯಿತು. ಎರಡು ಟನ್ನಿಗೂ ಮಿಕ್ಕಿದ ವಾಹನವನ್ನು ಬರಿಯ ಬ್ರೇಕಿನ ಮೇಲೆ ಇಳಿಸಿದರೆ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕೆಳಗಿನ ಗೇರಿನಲ್ಲಿ, ಎಂಜಿನ್ನಿನ ತಡೆಯಿಂದಲೇ ಇಳಿಯಬೇಕು. ಎಷ್ಟೇ ಬೆಲೆಬಾಳುವ ವಾಹನವೂ ಈ ನಿಯಮಕ್ಕೆ ಹೊರತಲ್ಲ.

ಈಗ ತಂದೆಯವರು ಬಂಡೀಪುರದ ಕಾಡು ದಾಟುವಷ್ಟರಲ್ಲಿ ನಿದ್ದೆಹೋಗುತ್ತಾರೆ. ಆ ನಿದ್ದೆಗಾಗಿ ನಾವು ತೆತ್ತದ್ದು ಹೆಚ್ಚೆಂದು ನಮಗೆ ಅನಿಸಿಲ್ಲ. ಕೊಳ್ಳಬಯಸುವ ಬಂಧುಗಳಿಗೆ ನಮ್ಮ ಬಿನ್ನಹವಿಷ್ಟೇ: ಕೈಯಲ್ಲಿರುವ ಹಣವನ್ನೆಲ್ಲ ಬೆಲೆಗೇ ಸುರಿಯಬೇಡಿ. ಕೊಂಡ ಮರುದಿನವೂ ಕೈಯಲ್ಲಿ ಕಾಸು ಉಳಿಯುವಂತಿದ್ದರೆ ಮಾತ್ರ ಅದು ನಿಮ್ಮ ವಾಹನ.