ಪ್ರಾಗ್ ಪಟ್ಟಣದ ಗಾಲಿಯ ಸವಾರರು

ವ್ಲ್ಟಾವಾ ನದಿಯ ದಡದ ಪ್ರಾಗ್ ಪಟ್ಟಣದಲ್ಲಿ ನಾಲ್ಕನೆಯ ಚಾರ್ಲ್ಸ್ ದೊರೆಯು 1357ರಲ್ಲಿ ಅಡಿಗಲ್ಲಿಟ್ಟ ಸೇತುವೆಯೂ 1410ರ ಖಗೋಳ ಗಡಿಯಾರವೂ ಇಂದಿಗೂ ಪ್ರೇಕ್ಷಣೀಯವಾಗಿವೆ. ಇವನ್ನು ನೋಡಬಂದವರಿಗೆ ಹಿಂದೆ ಅಲ್ಲಿ ಸೆಗ್ವೇ ಎಂಬ ವಿಚಿತ್ರ ವಾಹನವು ಬಾಡಿಗೆಗೆ ದೊರೆಯುತ್ತಿದ್ದಿತು. ಅಮೆರಿಕದ ಡೀನ್ ಕೇಮನ್ ಎಂಬವರು 2001ರಲ್ಲಿ ಲೋಕಕ್ಕೆ ತೋರಿದ ಈ ಯಂತ್ರಕ್ಕೆ ಅಕ್ಕಪಕ್ಕದಲ್ಲಿ ಎರಡೇ ಗಾಲಿಗಳು. ಮೇಲೆ ನಿಂತವನು ಮುಂದಕ್ಕೆ ಬಾಗಿದರೆ ಓಡುವುದು. ಹಿಂದಕ್ಕೆ ವಾಲಿದರೆ ನಿಲ್ಲುವುದು. ಮಾರ್ಗದರ್ಶಕನ ಹಿಂದೆ ಪ್ರವಾಸಿಗಳು ಬಾತುಮರಿಗಳಂತೆ ಸಾಲುಗಟ್ಟಿ ಸಾಗುತ್ತಿದ್ದರು. ಬಹುದೂರ ನಡೆಯಲಾರದವರಿಗೆ ಇದು ಮಹೋಪಕಾರವೇ ಸರಿ.

ಆದರೆ ಇಕ್ಕಟ್ಟಾದ ಕಲ್ಲುಹಾಸಿನ ಬೀದಿಗಳಲ್ಲಿ ಊರಿನವರು ದಿನವೂ ನಡೆಯಬೇಕಷ್ಟೆ. ಅವರ ದೂರುಗಳು ಹೆಚ್ಚಲು, 2016ರಲ್ಲಿ ನಗರಾಡಳಿತವು ಪಟ್ಟಣದ ನಡುಭಾಗದಲ್ಲಿ ಈ ವಾಹನಗಳನ್ನು ನಿಷೇಧಿಸಿತು. 2020ರಲ್ಲಿ ಆ ಮೂಲ ಯಂತ್ರದ ತಯಾರಿಕೆಯೇ ನಿಂತಿತು.

ಅತಿಥಿಯು ಪೂಜ್ಯನೇ ಅಹುದು. ಆದರೆ ಅವನಿಗಾಗಿ ಮನೆಯವರು ಅಂಗಳವನ್ನೇ ಬಿಟ್ಟು ಸರಿಯಬೇಕೆಂದು ಯಾವ ಧರ್ಮವೂ ವಿಧಿಸದು. ನಿಷೇಧದಿಂದ ಅತಿಥಿಗೆ ನಷ್ಟವೂ ಅಷ್ಟಾಗಿಲ್ಲ. ಸೇತುವೆಯ ಮೇಲಣ 30 ಶಿಲ್ಪಗಳಲ್ಲಿ ಒಂದೊಂದರೆದುರೂ ನಿಂತು ನೋಡುವ ಬಿಡುವು ಕಾಲ್ನಡೆಯವನಿಗೆ ಉಂಟು. ಸಾಲಿನಲ್ಲಿ ಓಡುವವನಿಗಾದರೋ ಮುಂದಿನವನ ಬೆನ್ನೇ ದರ್ಶನ.