ಗಣಿತಾಧ್ಯಯನವೂ ಅಂತರ್ಜಾಲವೂ

ಮಕ್ಕಳ ಕೈಯಲ್ಲಿ ಮೊಬೈಲು ಇರುವದು ವಿದ್ಯೆಗೆ ಸಾಧಕವೋ ಬಾಧಕವೋ ಎಂಬ ಚರ್ಚೆಯು ಇತ್ತಿತ್ತಲಾಗಿ ಮನೆಮನೆಯಲ್ಲಿಯೂ ನಡೆದಿರುವದು. ಯಾವ ವಿದ್ಯೆ, ಎಷ್ಟು ವಯಸ್ಸು, ಮೊಬೈಲಿನ ಪಕ್ಕದಲ್ಲಿ ಕಾಗದ-ಲೇಖನಿಗಳಿವೆಯೋ ಇಲ್ಲವೋ ಎಂಬುದನ್ನು ನೋಡದೆ ಇದಕ್ಕೆ ತೀರ್ಪು ಕೊಡಲಾಗದೆಂದು ನನ್ನ ಮತ. ಕಾಲೇಜಿನಲ್ಲಿ ಗಣಿತವನ್ನು ಓದುವ ಮಕ್ಕಳ ವಿಷಯದಲ್ಲಿ ಮಾತ್ರ ನಾನು ಕೆಲವು ಮಾತುಗಳನ್ನು ಹೇಳಬಲ್ಲೆನು. ಸಂಸ್ಕೃತದ ಮಾಸ್ತರನಿಗೆ ಗಣಿತದ ಗೊಡವೆಯೇಕೆಂದು ವಾಚಕರು ಹುಬ್ಬೇರಿಸಬಾರದು. ಭಾಸ್ಕರಾಚಾರ್ಯನು ಬರೆದದ್ದು ಸಂಸ್ಕೃತದಲ್ಲಿಯೇ. ಮೇಲಾಗಿ ಶಿಕ್ಷಕರ ಅಭಾವವಿದ್ದ ಶಾಲೆಗಳಲ್ಲಿ ಸಂಸ್ಕೃತದವನೇ ಲೆಕ್ಕವನ್ನೂ ಹೇಳಿಕೊಡಬೇಕಾಗುತ್ತಿದ್ದಿತು.

ನಮ್ಮ ಸಮೀರವಾಡಿಯು ಸಕ್ಕರೆ ಕಾರ್ಖಾನೆಯ ಸುತ್ತ ಬೆಳೆದ ಊರು. ಕಬ್ಬು, ಹಂಗಾಮು, ಟನ್ನಿನ ದರ, ಮಹಾಲಿಂಗಪುರದ ಬೆಲ್ಲದ ಪೇಟೆ - ಇವೇ ಇಲ್ಲಿಯ ಮಾತುಕತೆ. ೨೦೨೩ರಲ್ಲಿ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವು ಆರಂಭವಾದದ್ದು ಸಂತೋಷದ ಸಂಗತಿಯೇ ಸರಿ. ಆದರೆ ರಾತ್ರಿ ಹತ್ತು ಗಂಟೆಗೆ ಹುಟ್ಟಿದ ಸಂದೇಹವನ್ನು ಪಕ್ಕದ ಮನೆಗೆ ಹೋಗಿ ಕೇಳಿ ಬರುವೆನೆಂದರೆ ಇಲ್ಲಿ ಸಾಧ್ಯವಾಗದು.

ನಮ್ಮ ಓಣಿಯ ಹುಡುಗಿಯೊಬ್ಬಳು ಬಿ.ಎಸ್ಸಿ. ಓದುತ್ತಿರುವಳು. ತಂದೆಯು ದುಡಿದು ಉಣ್ಣುವವನು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಲೆಕ್ಕದಲ್ಲಿ ಸದಾ ಮುಂದಿದ್ದ ಈಕೆಯು ಎರಡನೆಯ ವರ್ಷದಲ್ಲಿ 'ಲಿಮಿಟ್' ಎಂಬುದರ ಶಾಸ್ತ್ರೀಯ ಲಕ್ಷಣವನ್ನು ಕಂಡು ಎದೆಗುಂದಿದಳು. ಎಪ್ಸಿಲಾನ್, ಡೆಲ್ಟಾ ಎಂಬ ಎರಡು ಗ್ರೀಕ್ ಅಕ್ಷರಗಳು ಆಕೆಯ ನಿದ್ದೆಯನ್ನೇ ಕೆಡಿಸಿದವು. ಮಗಳು ಮಧ್ಯರಾತ್ರಿಯವರೆಗೆ ಮೊಬೈಲು ನೋಡುವಳು, ಅಂಕಗಳು ಮಾತ್ರ ಇಳಿಯುತ್ತಿರುವವು. ಈ ವರ್ಷಕ್ಕೆ ಓದು ಸಾಕುಮಾಡಿಸಿ ವರನನ್ನು ನೋಡುವೆನೆಂದು ತಂದೆಯು ನನ್ನೆದುರು ಹೇಳಿದನು. ಹುಡುಗಿಯನ್ನು ಕರೆಯಿಸಿ ವಿಚಾರಿಸಿದೆನು. ಒಂದೇ ವಿಷಯದ ಮೇಲೆ ಮೂವರು ಆಚಾರ್ಯರ ಪಾಠಗಳನ್ನು ಆಕೆಯು ಕೇಳಿದ್ದಳು. ಮೂರೂ ಒಳ್ಳೆಯ ಪಾಠಗಳೇ. ಆದರೆ ನೋಟುಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ! ಕುಸ್ತಿಯನ್ನು ನೋಡಿದವನ ತೋಳು ಬಲಿಯುವದುಂಟೆ?

ಆಕೆಯನ್ನು ಕಾಡಿದ ವಿಷಯವನ್ನು ನಾನು ನ್ಯಾಯಶಾಸ್ತ್ರದ ವಾದ-ಪ್ರತಿವಾದದ ರೀತಿಯಲ್ಲಿ ಹೇಳಿದೆನು. ಒಂದು ಸಂಖ್ಯೆಯು ೨ಕ್ಕೆ ಸಮೀಪಿಸಿದಂತೆ ಅದರ ಮೂರು ಮಡಿಯು ೬ಕ್ಕೆ ಸಮೀಪಿಸುವದೆಂಬುದು ನಮ್ಮ ಪ್ರತಿಜ್ಞೆ. ಪ್ರತಿವಾದಿಯು ಎದ್ದು, "೬ರಿಂದ ನೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಅಂತರದಲ್ಲಿ ಇರಿಸಬಲ್ಲಿರಾ?" ಎಂದು ಕೇಳುವನು. "ಮೂಲಸಂಖ್ಯೆಯನ್ನು ೨ರಿಂದ ಮುನ್ನೂರರಲ್ಲಿ ಒಂದು ಭಾಗದೊಳಗೆ ಇರಿಸು, ಆಯಿತು" ಎಂದು ನಾವು ಉತ್ತರಿಸುವೆವು. ಅವನು ಸಾವಿರದಲ್ಲಿ ಒಂದೆಂದರೆ ನಾವು ಮೂರು ಸಾವಿರದಲ್ಲಿ ಒಂದೆನ್ನುವೆವು. ಅವನು ಕೇಳುವ ಅಂತರವೇ ಎಪ್ಸಿಲಾನ್, ನಾವು ಕೊಡುವ ಉತ್ತರವೇ ಡೆಲ್ಟಾ. ಅವನು ಎಷ್ಟೇ ಸೂಕ್ಷ್ಮವಾದ ಅಂತರವನ್ನು ಬೇಡಿದರೂ ನಮ್ಮಲ್ಲಿ ಉತ್ತರವಿದ್ದರೆ ಪ್ರತಿಜ್ಞೆಯು ಸಿದ್ಧವಾಯಿತು. ಹುಡುಗಿಯು ಸುಮ್ಮನೆ ಕೇಳಿಕೊಂಡು ಹೋದಳು. ಮರುದಿನ ಸಂಜೆ ವರ್ಗದ ಲೆಕ್ಕವನ್ನು ತಾನೇ ಮಾಡಿ ತಂದಿದ್ದಳು: ಸಂಖ್ಯೆಯು ೩ಕ್ಕೆ ಸಮೀಪಿಸಿದರೆ ಅದರ ವರ್ಗವು ೯ಕ್ಕೆ ಸಮೀಪಿಸುವದು. ಸಂಖ್ಯೆಯು ೩ರಿಂದ ಒಂದರೊಳಗಿನ ದೂರದಲ್ಲಿದ್ದರೆ ಅದಕ್ಕೆ ೩ನ್ನು ಕೂಡಿಸಿದ ಮೊತ್ತವು ೭ನ್ನು ಮೀರದೆಂದು ಮೊದಲು ತೋರಿಸಿ, ಪ್ರತಿವಾದಿಯ ನೂರರಲ್ಲಿ ಒಂದಕ್ಕೆ ಏಳುನೂರರಲ್ಲಿ ಒಂದೆಂದು ಉತ್ತರ ಕೊಟ್ಟಿದ್ದಳು. ಅದೂ ಜಿಯೋಜೀಬ್ರಾ ಎಂಬ ಸಾಧನದಲ್ಲಿ ಚಿತ್ರವನ್ನು ಬರೆದು, ಪಟ್ಟಿಗಳನ್ನು ಕಿರಿದುಮಾಡುತ್ತ ಹೋಗಿ ಕಣ್ಣಾರೆ ಕಂಡ ಮೇಲೆ! ಆಸ್ಟ್ರಿಯಾ ದೇಶದ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬವರು ಸಾಲ್ಸ್‌ಬರ್ಗಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಇದನ್ನು ರಚಿಸತೊಡಗಿದರಂತೆ. ವಿದ್ಯಾರ್ಥಿಗೆ ಇದು ಧರ್ಮಾರ್ಥವಾಗಿ ದೊರೆಯುವದು.

ಹೀಗೆ ದೊರೆಯುವ ಸಾಮಗ್ರಿಯು ಅಪಾರವಾಗಿದೆ. ಅದರಲ್ಲಿ ಜಳ್ಳೂ ಅಪಾರ. ಗೃಹಸ್ಥರಿಗೆ ಗೊತ್ತಿರಬೇಕಾದದ್ದು ನಾಲ್ಕಾರು ಹೆಸರುಗಳು ಮಾತ್ರ. ಮೊದಲನೆಯದು ಏಳು ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ೨೦೦೩ರಲ್ಲಿ ಆರಂಭಿಸಿದ ಎನ್.ಪಿ.ಟಿ.ಇ.ಎಲ್. ಇಲ್ಲಿ ಪಾಠವನ್ನು ಕೇಳಲು ಹಣವಿಲ್ಲ. ಪ್ರಮಾಣಪತ್ರವು ಬೇಕಾದವರು ಮಾತ್ರ ಶುಲ್ಕ ಕೊಟ್ಟು ಪರೀಕ್ಷಾಕೇಂದ್ರದಲ್ಲಿ ಕುಳಿತು ಬರೆಯತಕ್ಕದ್ದು. ವಾರವಾರವೂ ಲೆಕ್ಕಗಳನ್ನು ಕೊಡುವರಾದ್ದರಿಂದ ಸುಮ್ಮನೆ ನೋಡಿ ಮುಗಿಸುವ ಹಾಗಿಲ್ಲ. ಇಂಗ್ಲಿಷ್ ಮಾತಿನ ವೇಗವನ್ನು ಹಿಡಿಯಲಾರದ ನಮ್ಮ ಕಡೆಯ ಮಕ್ಕಳಿಗೆ ಪಾಠದ ಲಿಖಿತ ಪ್ರತಿಯು ದೊರೆಯುವದೇ ದೊಡ್ಡ ಉಪಕಾರ. ಕಿವಿಗೆ ಸಿಕ್ಕದ್ದನ್ನು ಕಣ್ಣಿಗೆ ಸಿಕ್ಕಿಸಿ, ಕೋಶವನ್ನು ತೆರೆದು ಓದಬಹುದು.

ಎರಡನೆಯದು ಅಮೇರಿಕೆಯ ಎಂ.ಐ.ಟಿ. ತನ್ನ ಪಾಠಗಳನ್ನು ಲೋಕಕ್ಕೆಲ್ಲ ತೆರೆದಿಡುವೆನೆಂದು ಈ ಸಂಸ್ಥೆಯು ೨೦೦೧ರಲ್ಲಿ ಸಾರಿತು. ಅದರಲ್ಲಿ ಗಿಲ್ಬರ್ಟ್ ಸ್ಟ್ರಾಂಗ್ ಎಂಬ ಆಚಾರ್ಯರು ಮಾತೃಕೆಗಳನ್ನು, ಅಂದರೆ ಮ್ಯಾಟ್ರಿಕ್ಸುಗಳನ್ನು, ಕುರಿತು ಹೇಳಿದ ಪಾಠಗಳಿವೆ. ಕರಿಹಲಗೆ, ಸುಣ್ಣದ ಬಳಪ, ಒಬ್ಬ ಮನುಷ್ಯ - ಇಷ್ಟೇ. ಶಿಷ್ಯನು ಎಲ್ಲಿ ಎಡವುವನೆಂದು ಆತನಿಗೆ ಮೊದಲೇ ಗೊತ್ತು, ಅಲ್ಲಿಯೇ ನಿಲ್ಲುವನು. ಈ ವೃದ್ಧಾಚಾರ್ಯರು ೨೦೨೩ರ ಮೇ ತಿಂಗಳಲ್ಲಿ, ೮೮ನೆಯ ವಯಸ್ಸಿನಲ್ಲಿ, ಕೊನೆಯ ಪಾಠವನ್ನು ಹೇಳಿದರು. (ನಮ್ಮನ್ನು ಅರವತ್ತಕ್ಕೇ ಹಾರ ಹಾಕಿ ಕಳಿಸಿಬಿಡುವರು!) ಓದಿ ಅಭ್ಯಾಸಮಾಡುವವರಿಗೆ ಟೆಕ್ಸಾಸಿನ ಲಾಮಾರ್ ವಿಶ್ವವಿದ್ಯಾಲಯದ ಪಾಲ್ ಡಾಕಿನ್ಸ್ ಎಂಬವರ ಟಿಪ್ಪಣಿಗಳು ಉತ್ತಮ, ಅವಕಲನ, ಅನುಕಲನಗಳಲ್ಲಿ ಬಿಡಿಸಿ ತೋರಿಸಿದ ಲೆಕ್ಕಗಳು ಅಲ್ಲಿ ಹೇರಳವಾಗಿವೆ.

ನನಗೆ ಅತ್ಯಂತ ಪ್ರಿಯವಾದದ್ದು ಇಂಟರ್ನೆಟ್ ಆರ್ಕೈವ್ ಎಂಬ ಗ್ರಂಥಭಂಡಾರ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ವನ್ನು ಎಂ. ರಂಗಾಚಾರ್ಯರು ೧೯೧೨ರಲ್ಲಿ ಮದರಾಸಿನಲ್ಲಿ ಅಚ್ಚುಹಾಕಿಸಿದ ಪ್ರತಿಯೂ, ಕೋಲ್‌ಬ್ರೂಕ್ ಸಾಹೇಬನು ೧೮೧೭ರಲ್ಲಿ ಭಾಸ್ಕರನ ಗಣಿತಗ್ರಂಥಗಳನ್ನು ಇಂಗ್ಲಿಷಿಗೆ ತಂದ ಪುಸ್ತಕವೂ ಅಲ್ಲಿ ಇರುವವು. ಭಾಸ್ಕರನ ಊರು ನಮ್ಮ ವಿಜಾಪುರವೇ ಎಂದು ಕೆಲವರೂ, ಮಹಾರಾಷ್ಟ್ರದ ಪಾಟಣದ ಕಡೆಯದೆಂದು ಕೆಲವರೂ ವಾದಿಸುವರು. ಆ ವ್ಯಾಜ್ಯವು ಇಲ್ಲಿ ಬೇಡ. ೧೧೫೦ರಲ್ಲಿ ಅವನು ಬೀಜಗಣಿತದಲ್ಲಿ ಒಂದು ಪ್ರಶ್ನೆಯನ್ನು ಬಿಡಿಸಿರುವನು: ಯಾವ ಸಂಖ್ಯೆಯ ವರ್ಗವನ್ನು ೬೧ರಿಂದ ಗುಣಿಸಿ ೧ನ್ನು ಕೂಡಿಸಿದರೆ ಮತ್ತೆ ವರ್ಗವೇ ಬರುವದು? ಇದೇ ಪ್ರಶ್ನೆಯನ್ನು ಫ್ರಾನ್ಸಿನ ಫೆರ್ಮಾ ಎಂಬ ಪಂಡಿತನು ೧೬೫೭ರಲ್ಲಿ ಯುರೋಪಿನ ಗಣಿತಜ್ಞರ ಮುಂದೆ ಪಂಥವಾಗಿ ಇಟ್ಟನು. ಉತ್ತರವು ೨೨,೬೧,೫೩,೯೮೦, ದೊರೆಯುವ ವರ್ಗದ ಮೂಲವು ೧,೭೬,೬೩,೧೯,೦೪೯. ಸಂಖ್ಯಾಶಾಸ್ತ್ರದ ಪಾಠದಲ್ಲಿ ಈ ಸಮೀಕರಣವು ಹುಡುಗಿಗೆ ಪೆಲ್ ಎಂಬ ಆಂಗ್ಲನ ಹೆಸರಿನಲ್ಲಿ ಬಂದಿತ್ತು. ನಾನು ಮೂಲದ ಚಕ್ರವಾಲ ವಿಧಿಯನ್ನು ಅರ್ಥಮಾಡಿ ಹೇಳುತ್ತ ಹೋದೆನು. ಆಕೆಯು ಹಂತಹಂತವಾಗಿ ಬರೆದಳು. ಎರಡು ಸಂಜೆಗಳು ಹಿಡಿದವು. ಕೊನೆಗೆ ಸೇಜ್ ಎಂಬ ಉಚಿತ ಗಣನಸಾಧನದಲ್ಲಿ ಎರಡೂ ಸಂಖ್ಯೆಗಳನ್ನು ಹಾಕಿ ತಾಳೆ ನೋಡಿದೆವು. ಯಂತ್ರವು ಕಣ್ಣುಮುಚ್ಚಿ ತೆರೆಯುವದರೊಳಗೆ ೧ ಎಂದು ತೋರಿಸಿತು. ಹುಡುಗಿಯು ಚಪ್ಪಾಳೆ ತಟ್ಟಿದಳು, ನನಗೂ ತಟ್ಟಬೇಕೆನಿಸಿತು.

ಯಂತ್ರವನ್ನು ಹೀಗೆ ಕೊನೆಗೆ ಕೇಳಿದರೆ ಬಾಧೆಯಿಲ್ಲ. ೨೦೦೯ರಲ್ಲಿ ಬಂದ ವುಲ್ಫ್ರಮ್ ಆಲ್ಫಾ ಎಂಬುದು ಅನುಕಲನದ ಲೆಕ್ಕವನ್ನು ಕೇಳಿದೊಡನೆ ಉತ್ತರ ಕೊಡುವದು. ಈಗಿನ ಕೃತಕ ಬುದ್ಧಿಯ ಯಂತ್ರಗಳಂತೂ ಸಾಧನೆಯನ್ನೇ ಬರೆದುಕೊಡುವವು. ತಪ್ಪಿದ್ದಾಗಲೂ ಅದೇ ಗಾಂಭೀರ್ಯದಿಂದ ಬರೆಯುವದು ಅವುಗಳ ವೈಶಿಷ್ಟ್ಯ. ಮೊದಲೇ ಅವನ್ನು ಕೇಳಿದ ಹುಡುಗನಿಗೆ ಮನೆಪಾಠವು ಮುಗಿಯುವದು, ಪರೀಕ್ಷೆಯ ಕೊಠಡಿಯಲ್ಲಿ ಕೈ ನಡುಗುವದು. ಆದಕಾರಣ ಆ ಹುಡುಗಿಗೆ ಒಂದು ನಿಯಮವನ್ನು ಹಾಕಿದೆನು. ಹತ್ತು ನಿಮಿಷ ಪಾಠ ಕೇಳಿ ಮೊಬೈಲನ್ನು ಬೋರಲು ಮಲಗಿಸುವದು. ಕೇಳಿದ್ದನ್ನು ನೋಡದೆ ಬರೆಯುವದು. ಬರೆಯಲು ಬಾರದಿದ್ದರೆ ಅದೇ ಹತ್ತು ನಿಮಿಷವನ್ನು ಮತ್ತೆ ಕೇಳುವದು. ಒಂದು ವಿಷಯಕ್ಕೆ ಒಬ್ಬನೇ ಗುರು. ಮೂರು ತಿಂಗಳಲ್ಲಿ ಎರಡು ನೂರುಪುಟದ ಪುಸ್ತಕಗಳು ತುಂಬಿದವು.

ತಂದೆಯು ಆ ಪುಸ್ತಕಗಳನ್ನು ಮಗುಚಿ ನೋಡಿದನು. ಅಕ್ಷರಗಳು ಅವನಿಗೆ ತಿಳಿಯವು. ತುಂಬಿದ ಪುಟಗಳು ತಿಳಿಯುವವು. ವರನ ಮಾತು ಸದ್ಯಕ್ಕೆ ನಿಂತಿದೆ. ಐ.ಐ.ಟಿ.ಗಳಲ್ಲಿ ಎಂ.ಎಸ್ಸಿ. ಓದಲು ಜ್ಯಾಮ್ ಎಂಬ ಪ್ರವೇಶಪರೀಕ್ಷೆಯಿದೆ. ಅದರ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನೂ ಅಂತರ್ಜಾಲದಲ್ಲಿ ಇಟ್ಟಿರುವರು. ಹುಡುಗಿಯು ಈಗ ಅವುಗಳಲ್ಲಿ ಒಂದನ್ನು ಗಡಿಯಾರವನ್ನಿಟ್ಟುಕೊಂಡು ಬಿಡಿಸುತ್ತಿರುವಳು. ಅಷ್ಟು ದೂರ ಕಳಿಸುವೆನೆಂದು ತಂದೆಯು ಇನ್ನೂ ಒಪ್ಪಿಲ್ಲ. ಆದರೆ ಪರೀಕ್ಷೆಯ ಶುಲ್ಕ ಎಷ್ಟೆಂದು ಮೊನ್ನೆ ನನ್ನನ್ನು ಕೇಳಿದನು.