ಸಂಗಮದ ದಡದಲ್ಲೊಂದು ಹಗಲುಗನಸು

ಅಫಜಲಪುರ ತಾಲ್ಲೂಕಿನಲ್ಲಿ, ಅಮರಜಾ ನದಿಯು ಭೀಮೆಯನ್ನು ಬಂದು ಕೂಡುವ ಸೀಮೆಯಲ್ಲಿ, ಗಾಣಗಾಪುರವಿದೆ. ನಸುಕಿನಲ್ಲಿಯೇ ಸಂಗಮದಲ್ಲಿ ಮಿಂದವರು ಒದ್ದೆ ಬಟ್ಟೆಯಲ್ಲಿ ಔದುಂಬರ ವೃಕ್ಷವನ್ನು ಸುತ್ತುತ್ತಾರೆ. ನೆರಳಿನಲ್ಲಿ ಗುರುಚರಿತ್ರೆಯ ಪಾರಾಯಣ ಸಾಗಿರುತ್ತದೆ. ಬೇಡುವವರ ಈ ಊರಿನಲ್ಲಿ ಬೇಡಿಕೆಗಳಿಗೆ ಕೊನೆಯೆಲ್ಲಿ? ಒಬ್ಬರಿಗೆ ಆರೋಗ್ಯ ಬೇಕು, ಇನ್ನೊಬ್ಬರಿಗೆ ಸಂತಾನ, ಮತ್ತೊಬ್ಬರಿಗೆ ನೆಮ್ಮದಿ.

ದೇವಾಲಯದ ಬೀದಿಯಲ್ಲಿ ರುದ್ರಾಕ್ಷಿಮಾಲೆ ಮಾರುವ ತರುಣನ ಬಯಕೆ ಇವಾವುದೂ ಅಲ್ಲ. ಸಿರಿವಂತರ ಪರವಾಗಿ ಬೆಲೆಬಾಳುವ ವಸ್ತುಗಳನ್ನು ಆರಿಸಿ ಕೊಂಡುತರುವ ‘ಪರ್ಸನಲ್ ಶಾಪರ್’ ಎಂಬ ಉದ್ಯೋಗವನ್ನು ಅವನು ಮೊಬೈಲಿನಲ್ಲಿ ಕಂಡಿದ್ದಾನೆ. ಅಂದಿನಿಂದ ಅವನ ಮನಸ್ಸು ಬೆಂಗಳೂರಿನ ಯೂಬಿ ಸಿಟಿಯ ಗಾಜಿನ ಮಳಿಗೆಗಳಲ್ಲಿ ವಿಹರಿಸುತ್ತಿದೆ. ಯಾವ ಮೈಬಣ್ಣಕ್ಕೆ ಯಾವ ರೇಷ್ಮೆ ಒಪ್ಪೀತು, ಯಾವ ಮಣಿಕಟ್ಟಿಗೆ ಯಾವ ಗಡಿಯಾರ ಹೊಂದೀತು—ಇದೇ ಚಿಂತೆ. ಹಣ ಅವರದು, ಕಣ್ಣು ಇವನದು!

ಇಂತಹ ಕನಸು ಈ ಕ್ಷೇತ್ರಕ್ಕೆ ಹೊಸದಲ್ಲ. ಸರಸ್ವತಿ ಗಂಗಾಧರರು ಮರಾಠಿಯಲ್ಲಿ ರಚಿಸಿದ ಗುರುಚರಿತ್ರೆಯಲ್ಲಿ ಅಗಸನೊಬ್ಬನ ಕಥೆಯಿದೆ. ಕೃಷ್ಣೆಯ ನಡುಗಡ್ಡೆಯಾದ ಕುರವಪುರದಲ್ಲಿ ಅವನು ಶ್ರೀಪಾದ ಶ್ರೀವಲ್ಲಭರ ಸೇವಕನಾಗಿದ್ದ. ಒಂದು ದಿನ ಪರಿವಾರಸಮೇತನಾಗಿ ಜಲಕ್ರೀಡೆಗೆ ಬಂದ ಅರಸನ ವೈಭವವನ್ನು ಕಂಡು, ಕೈಯ ಕೆಲಸವನ್ನು ಮರೆತು ನಿಂತುಬಿಟ್ಟ. ಗುರುಗಳು ಅವನನ್ನು ಗದರಿಸಲಿಲ್ಲ. ಆ ಭೋಗ ಈ ಜನ್ಮದಲ್ಲಿ ಬೇಕೋ, ಮುಂದಿನ ಜನ್ಮದಲ್ಲೋ ಎಂದು ಕೇಳಿದರು. ಮುಂದಿನದೇ ಸಾಕೆಂದ. ಅಂತೆಯೇ ಬೀದರಿನ ಅರಸನಾಗಿ ಹುಟ್ಟಿದ. ಕೊನೆಗೆ ಯಾವ ಔಷಧಕ್ಕೂ ಬಗ್ಗದ ಕುರುವಿನಿಂದ ನರಳುತ್ತ ಗಾಣಗಾಪುರಕ್ಕೆ ಬಂದು, ಶ್ರೀ ನೃಸಿಂಹ ಸರಸ್ವತಿಗಳ ಮುಂದೆ ನಿಂತಾಗ ಹಳೆಯ ಜನ್ಮದ ನೆನಪು ಮರಳಿತು, ನೋವು ಇಳಿಯಿತು.

ಬಯಕೆಯನ್ನು ಹೀಗಳೆಯದೆ, ಅದನ್ನು ಪೂರ್ತಿಯಾಗಿ ಉಣ್ಣಿಸಿ ಮರಳಿ ಕರೆದುಕೊಂಡ ಕಥೆ ಇದು. ಆದರೆ ಅಂಗಡಿಯ ತರುಣನ ಕನಸಿಗೂ ಅಗಸನ ಕನಸಿಗೂ ಒಂದು ಅಂತರವುಂಟು. ಅಗಸನು ಅರಸನಾಗಬಯಸಿದ, ಇವನು ಅರಸರಿಗೆ ಆರಿಸಿಕೊಡಬಯಸುತ್ತಾನೆ. ಇವನಿಗೆ ಬೇಕಾದದ್ದು ರೇಷ್ಮೆಯಲ್ಲ, ತನ್ನ ಅಭಿರುಚಿಯ ಮೇಲೆ ಇನ್ನೊಬ್ಬರು ಇಡುವ ವಿಶ್ವಾಸ. ಹತ್ತು ಮಾಲೆಗಳನ್ನು ತಡಕಾಡಿ ಬೇಸತ್ತ ಮುದುಕಿಯ ಕೈಗೆ ಹನ್ನೊಂದನೆಯದನ್ನು ಅವನು ಕೊಡುವಾಗ ಆಕೆಯ ಮುಖ ಅರಳುವುದನ್ನು ಬೀದಿಯವರೆಲ್ಲ ನೋಡಿದ್ದಾರೆ. ಅದು ಉದ್ಯೋಗವೆಂದು ಯಾರೂ ಎಣಿಸಿಲ್ಲ. ಸ್ವತಃ ಅವನೂ ಎಣಿಸಿಲ್ಲ.

ಮಧ್ಯಾಹ್ನವಾಗುತ್ತದೆ. ಈ ಹೊತ್ತಿಗೆ ದತ್ತಾತ್ರೇಯನು ಯಾವುದೋ ರೂಪದಲ್ಲಿ ಭಿಕ್ಷೆಗೆ ಬರುತ್ತಾನೆಂಬುದು ಇಲ್ಲಿಯ ನಂಬಿಕೆ. ಆದುದರಿಂದ ಧನಿಕರೂ ಜೋಳಿಗೆ ಹಿಡಿದು ಐದು ಮನೆಗಳ ಮಧುಕರಿಗೆ ಹೊರಡುತ್ತಾರೆ. ಮಧುಕರಿಯಲ್ಲಿ ಇದು ಬೇಕು, ಅದು ಬೇಡ ಎನ್ನುವಂತಿಲ್ಲ, ಬಿದ್ದದ್ದೇ ಪ್ರಸಾದ. ಊರಿನಲ್ಲಿ ಎಲ್ಲವನ್ನೂ ಆರಿಸಿ ಆರಿಸಿ ದಣಿದವರಿಗೆ ಇದೂ ಒಂದು ವಿಶ್ರಾಂತಿಯೇ ಇರಬೇಕು.

“ಏನ್ ಕನಸು ಕಾಣ್ಲತ್ತಿ ತಮ್ಮಾ? ಭಿಕ್ಷಾದ ವ್ಯಾಳ್ಯಾ ಆತು, ರೊಟ್ಟಿ ನೀಡು ಬಾ,” ಎಂದು ತಾಯಿ ಕೂಗುತ್ತಾಳೆ.

ಹೊಸ್ತಿಲ ಮುಂದೆ ಜರಿಸೀರೆಯ ವೃದ್ಧೆಯೊಬ್ಬಳು ಸೆರಗು ಹೊದ್ದು ಜೋಳಿಗೆ ಚಾಚಿ ನಿಂತಿದ್ದಾಳೆ. ತರುಣನು ಬುಟ್ಟಿಗೆ ಕೈಯಿಕ್ಕುತ್ತಾನೆ. ಮೇಲಿನ ರೊಟ್ಟಿ ಬಿರುಸಾಗಿದೆ. ಆಕೆಯ ಹಲ್ಲಿಲ್ಲದ ಬಾಯನ್ನು ಒಮ್ಮೆ ನೋಡಿ, ಅದನ್ನು ಸರಿಸಿ, ಕೆಳಗಿನ ಮೆತ್ತನೆಯ ರೊಟ್ಟಿಯನ್ನು ಆರಿಸಿ ಹಾಕುತ್ತಾನೆ.